ಹಳೆಯ ಕಾರು, ಹೊಸ ಕಿಡಿ

ಬಾಣಸ ಎಂಬುದು ಹಳಗನ್ನಡದಲ್ಲಿ ಅಡುಗೆಗೆ ಇರುವ ಮಾತು, ಬಾಣಸಿಗನೆಂದರೆ ಅಡುಗೆಯವನು. ಬಾಣಸವಾಡಿಗೆ ಆ ಹೆಸರು ಅಲ್ಲಿಂದಲೇ ಬಂದಿತೆಂದು ವಾದಿಸಲು ನಾನು ಹೊರಟಿಲ್ಲ. ಊರ ಹೆಸರುಗಳ ವ್ಯುತ್ಪತ್ತಿ ಜಾರುನೆಲ, ಅಲ್ಲಿ ಕಾಲಿಟ್ಟು ಬಿದ್ದ ಪಂಡಿತರು ಬಹಳ. ಆದರೆ ಒಲೆಯನ್ನು ನೆನಪಿಗೆ ತರುವ ಈ ಹೆಸರಿನ ಊರನ್ನು ಕುರಿತು ಯೋಚಿಸುವಾಗ, ಬೆಂಕಿ ಹೊತ್ತಿಸುವ ಇನ್ನೊಂದು ವಿದ್ಯೆಯ ಮಾತು ತಾನಾಗಿಯೇ ಬರುತ್ತದೆ. ಅದು ಕಬ್ಬಿಣದ ಗೂಡಿನೊಳಗೆ, ಕಣ್ಣಿಗೆ ಕಾಣದಂತೆ, ಸೆಕೆಂಡಿಗೆ ನೂರು ಸಲ ಕಿಡಿ ಹೊತ್ತಿಸುವ ವಿದ್ಯೆ. ಮೋಟಾರು ಕಾರಿನ ಹೃದಯ ಎಂಜಿನ್ನು ಎನ್ನುವುದಾದರೆ ಆ ಹೃದಯದ ಬಡಿತ ಈ ಕಿಡಿ.

ಇಂದಿನ ಬಾಣಸವಾಡಿ ರಸ್ತೆಗಳ ಊರು. ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆ ಎಂಬ ಹೆಸರುಗಳ ಇಂಗ್ಲಿಷು ಮೊದಲಕ್ಷರಗಳನ್ನು ಕೂಡಿಸಿ ಎಚ್.ಆರ್.ಬಿ.ಆರ್. ಬಡಾವಣೆ, ಹಳೆಯ ಮದರಾಸು ರಸ್ತೆಯನ್ನು ಸೇರಿಸಿಕೊಂಡು ಓ.ಎಂ.ಬಿ.ಆರ್. ಬಡಾವಣೆ. ದೇವರ ಹೆಸರೂ ಇಲ್ಲದ, ಮನುಷ್ಯರ ಹೆಸರೂ ಇಲ್ಲದ, ಬರಿಯ ರಸ್ತೆಗಳಿಂದಲೇ ಹೆಸರು ಪಡೆದ ಬಡಾವಣೆಗಳು ಇವು. ಇಲ್ಲಿಯ ಅಡ್ಡಬೀದಿಗಳಲ್ಲಿ ಹೊಂಗೆಯ ನೆರಳಿನಲ್ಲೋ ಹೊದಿಕೆಯ ಕೆಳಗೋ ಒಂದು ಹಳೆಯ ಫಿಯೆಟ್ಟು, ಒಂದು ಅಂಬಾಸಿಡರು, ಅಪರೂಪಕ್ಕೆ ಒಂದು ಸ್ಟ್ಯಾಂಡರ್ಡ್ ಹೆರಾಲ್ಡು ಇಂದಿಗೂ ನಿಂತಿರುವುದುಂಟು. ಅಂಥ ಕಾರುಗಳ ಒಡೆಯರು ಇಬ್ಬರು ಕಲೆತರೆ ಸಾಕು, ಒಂದು ಜಿಜ್ಞಾಸೆ ಮೊದಲಾಗುತ್ತದೆ: ಕಿಡಿ ಹುಟ್ಟಿಸುವ ಹಳೆಯ ಲೋಹದ ಮೊನೆಗಳನ್ನು ತೆಗೆದುಹಾಕಿ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಕೂಡಿಸಬಹುದೇ? ಕೂಡಿಸಿದರೆ ಅದು ಅದೇ ಕಾರಾಗಿ ಉಳಿಯುತ್ತದೆಯೇ? ಮೇಲುನೋಟಕ್ಕೆ ಇದು ಗ್ಯಾರೇಜಿನ ಪ್ರಶ್ನೆ. ಇದರ ಹಿಂದೆ ನೂರೈವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯ ಕೆಲವು ಪುಟಗಳು ನಮ್ಮ ಬೆಂಗಳೂರಿನ ಪೂರ್ವಭಾಗದಲ್ಲಿಯೇ ಬರೆಯಲ್ಪಟ್ಟಿವೆ.

ವಿದ್ಯುತ್ತಿನ ಕಿಡಿಯಿಂದ ಅನಿಲವನ್ನು ಸಿಡಿಸಬಹುದೆಂಬುದನ್ನು ಇಟಲಿಯ ವೋಲ್ಟಾ ಹದಿನೆಂಟನೆಯ ಶತಮಾನದಲ್ಲಿಯೇ, ಪಿಸ್ತೂಲಿನಂಥ ಒಂದು ಉಪಕರಣದಲ್ಲಿ ತೋರಿಸಿದ್ದ. ಫ್ರಾನ್ಸಿನಲ್ಲಿ ಲೆನ್ವಾರ್ 1860ರಲ್ಲಿ ಮಾಡಿದ ಅನಿಲ ಎಂಜಿನ್ನು ಕಿಡಿಯಿಂದಲೇ ನಡೆಯಿತು. ಆದರೆ ಪ್ರಯೋಗಶಾಲೆಯಲ್ಲಿ ಒಂದು ಕಿಡಿ ಹಾರಿಸುವುದು ಬೇರೆ. ಕುಲುಕುವ ಗಾಡಿಯ ಮೇಲೆ, ಮಳೆಯಲ್ಲಿ, ಧೂಳಿನಲ್ಲಿ, ತಪ್ಪದೆ ಸಾವಿರಾರು ಕಿಡಿ ಹಾರಿಸುವುದು ಬೇರೆ. ಜರ್ಮನಿಯ ಡೈಮ್ಲರ್ ಕಿಡಿಯ ಗೋಜೇ ಬೇಡವೆಂದು ಒಂದು ಸಣ್ಣ ನಳಿಕೆಯನ್ನು ಹೊರಗಿನಿಂದ ದೀಪದ ಉರಿಯಲ್ಲಿ ಕೆಂಪಗೆ ಕಾಯಿಸಿ ಕೆಲಸ ನಡೆಸಿದ. ಪೆಟ್ರೋಲಿನ ಪಕ್ಕದಲ್ಲಿ ಉರಿಯುವ ದೀಪ! ಅವರ ಎದೆಗಾರಿಕೆಯನ್ನು ಮೆಚ್ಚಬೇಕು. 1886ರ ತನ್ನ ಮೂರು ಗಾಲಿಯ ವಾಹನದಲ್ಲಿ ಕಾರ್ಲ್ ಬೆಂಜ್ ಬ್ಯಾಟರಿಯನ್ನೂ ಸುರುಳಿಯನ್ನೂ ಬಳಸಿದ; ಬ್ಯಾಟರಿ ಬೇಗನೆ ಬರಿದಾಗುತ್ತಿತ್ತು. ಎಂಜಿನ್ನಿನ ಎಲ್ಲ ಸಮಸ್ಯೆಗಳಲ್ಲಿಯೂ ಇದೇ ಕಡುಕಠಿನವೆಂದು ಆತ ಭಾವಿಸಿದ್ದನಂತೆ.

ಸ್ಟುಟ್‌ಗಾರ್ಟಿನ ರಾಬರ್ಟ್ ಬಾಶ್ ಎಂಬ ಕುಶಲಕರ್ಮಿಯ ಅಂಗಡಿಯಲ್ಲಿ ಇದಕ್ಕೊಂದು ಉತ್ತರ ದೊರೆಯಿತು. ಅದು ಮ್ಯಾಗ್ನೆಟೋ, ಎಂದರೆ ಎಂಜಿನ್ನಿನ ತಿರುಗಾಟದಿಂದಲೇ ವಿದ್ಯುತ್ತನ್ನು ಹುಟ್ಟಿಸಿಕೊಳ್ಳುವ ಅಯಸ್ಕಾಂತದ ಯಂತ್ರ. ಬ್ಯಾಟರಿಯ ಹಂಗಿಲ್ಲ. 1902ರಲ್ಲಿ ಬಾಶನ ಸಹಾಯಕ ಗಾಟ್ಲೋಬ್ ಹೋನೊಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೋವನ್ನೂ ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದ ಮೇಲೆ ಮೋಟಾರು ವಾಹನ ನಂಬಿಕೆಗೆ ಯೋಗ್ಯವಾಯಿತು. ಅದೇ 1902ರಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿತು. ಬಾಶನ ಯಂತ್ರ ಎಷ್ಟು ಅನಿವಾರ್ಯವಾಯಿತೆಂದರೆ, 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿನವರು ತಮ್ಮ ಲಾರಿಗಳಿಗೂ ವಿಮಾನಗಳಿಗೂ ಬೇಕಾದ ಮ್ಯಾಗ್ನೆಟೋಗಳಿಗಾಗಿ ತಾವು ಶತ್ರುದೇಶವನ್ನೇ ನೆಚ್ಚಿಕೊಂಡಿದ್ದುದನ್ನು ಕಂಡು ಬೆಚ್ಚಿದರು.

ವಿಮಾನದ ಮಾತು ಬಂದುದರಿಂದ ಇಲ್ಲಿ ಒಂದು ಕ್ಷಣ ನಿಲ್ಲೋಣ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನ ಪೂರ್ವಕ್ಕೆ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧದ ವರ್ಷಗಳಲ್ಲಿ ಅದು ಅಮೆರಿಕದ ಸೇನೆಯ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ನೆಲೆಯಾಯಿತು. ಪಿಸ್ಟನ್ ಎಂಜಿನ್ನಿನ ವಿಮಾನದಲ್ಲಿ ಪ್ರತಿಯೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ಗು, ಎಂಜಿನ್ನಿಗೆ ಎರಡು ಮ್ಯಾಗ್ನೆಟೋ. ಆಕಾಶದಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಕಾಯಬೇಕು. ಹಾಗೆ ಮ್ಯಾಗ್ನೆಟೋವನ್ನು ಬಿಚ್ಚಿ, ತೊಳೆದು, ಕೂಡಿಸಿ, ಕಿಡಿ ಪರೀಕ್ಷಿಸುವ ವಿದ್ಯೆ ಹಲಸೂರಿಗೆ ಆಚೆಯ ಈ ಬಯಲಿನಲ್ಲಿ ಬೇರುಬಿಟ್ಟಿತು.

ಇದೇ ವಾಲ್‌ಚಂದರೂ ನಮ್ಮ ವಿಶ್ವೇಶ್ವರಯ್ಯನವರೂ ಸೇರಿ ಕಂಡ ಇನ್ನೊಂದು ಕನಸಿತ್ತು. ದೇಶದಲ್ಲಿ ಮೋಟಾರು ಕಾರುಗಳನ್ನು ತಯಾರಿಸಬೇಕೆಂದು ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದ್ದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಲು ಮೈಸೂರು ಸರ್ಕಾರವೂ ಒಲವು ತೋರಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಿಂದ ಅದು ಬೊಂಬಾಯಿಯ ಪಾಲಾಯಿತು. ನಾವು ಇಂದು ಪ್ರೀತಿಯಿಂದ ಒರೆಸಿ ಇಟ್ಟುಕೊಳ್ಳುವ ಫಿಯೆಟ್ಟು ಅಲ್ಲಿ 1954ರಿಂದ ತಯಾರಾಗತೊಡಗಿ, 1974ರಲ್ಲಿ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡಿತು. ಬೈಯಪ್ಪನಹಳ್ಳಿ–ಬಾಣಸವಾಡಿಗಳ ನಡುವೆ 2022ರಲ್ಲಿ ತೆರೆದ ಹೊಸ ರೈಲು ನಿಲ್ದಾಣಕ್ಕೆ ವಿಶ್ವೇಶ್ವರಯ್ಯನವರ ಹೆಸರಿಟ್ಟಿದ್ದಾರೆ. ಕಾರು ಕಾರ್ಖಾನೆಗಾಗಿ ಅಷ್ಟು ಹೆಣಗಿದ ಹಿರಿಯರಿಗೆ ಈ ಕಡೆ ರೈಲು ನಿಲ್ದಾಣವಾದರೂ ದಕ್ಕಿತು.

ಇನ್ನು ನಮ್ಮ ಕಥೆಯ ಮುಖ್ಯ ಪುರುಷನಿಗೆ ಬರೋಣ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅಂಗಡಿಗಳ ಹಣದ ಪೆಟ್ಟಿಗೆಗೆ ವಿದ್ಯುತ್ ಮೋಟಾರು ಅಳವಡಿಸಿ ಹೆಸರಾದವನು. ಆತನೂ ಗೆಳೆಯನೂ 1909ರಲ್ಲಿ ಡೇಟನ್ ನಗರದಲ್ಲಿ ತೆರೆದ ಪ್ರಯೋಗಶಾಲೆಯ ಹೆಸರನ್ನು ಮೊಟಕು ಮಾಡಿದರೆ ‘ಡೆಲ್ಕೋ’. ಕ್ಯಾಡಿಲಾಕ್ ಕಾರಿಗಾಗಿ ಆತ ಮ್ಯಾಗ್ನೆಟೋವನ್ನು ಬಿಟ್ಟು ಮತ್ತೆ ಬ್ಯಾಟರಿಗೆ ಮರಳಿದ; 1912ರ ಮಾದರಿಯಲ್ಲಿ ವಿದ್ಯುತ್ ಸ್ಟಾರ್ಟರನ್ನೂ ಸೇರಿಸಿ, ಹ್ಯಾಂಡಲು ಹೊಡೆದು ಮಣಿಕಟ್ಟು ಮುರಿದುಕೊಳ್ಳುವ ಕಷ್ಟದಿಂದ ಲೋಕವನ್ನು ಪಾರುಮಾಡಿದ. ನಮ್ಮ ಗ್ಯಾರೇಜುಗಳಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ‘ಡೆಲ್ಕೋ’ ಎಂದೇ ಕರೆಯುವುದನ್ನು ನೀವು ಕೇಳಿರಬಹುದು. ದೂರದ ಸ್ಪೇನಿನಲ್ಲಿಯೂ ಅದೇ ಹೆಸರು. ಮದರಾಸಿನ ಲೂಕಾಸ್–ಟಿ.ವಿ.ಎಸ್. ತಯಾರಿಸಿದ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡು ಡೆಲ್ಕೋ ಎನ್ನುವ ಮೇಸ್ತ್ರಿ, ತನಗೇ ಅರಿವಿಲ್ಲದೆ ಡೇಟನ್ನಿನ ಆ ಕೊಟ್ಟಿಗೆಯನ್ನು ನೆನೆಯುತ್ತಾನೆ.

ಕೆಟರಿಂಗನ ಉಪಾಯ ಸರಳ. ಒಂದೇ ಕಬ್ಬಿಣದ ತಿರುಳಿನ ಮೇಲೆ ಎರಡು ತಂತಿಯ ಸುರುಳಿ: ಒಂದು ಕೆಲವೇ ನೂರು ಸುತ್ತು, ಇನ್ನೊಂದು ಅದರ ಸುಮಾರು ನೂರರಷ್ಟು. ಮೊದಲನೆಯದರಲ್ಲಿ ಮೂರು ನಾಲ್ಕು ಆಂಪಿಯರ್ ವಿದ್ಯುತ್ತು ಹರಿಯುತ್ತಿರುವಾಗ ಅದನ್ನು ಥಟ್ಟನೆ ಕಡಿದುಬಿಟ್ಟರೆ, ತಿರುಳಿನ ಕಾಂತಕ್ಷೇತ್ರ ಕುಸಿಯುತ್ತದೆ. ಆ ಕುಸಿತ ಎರಡನೆಯ ಸುರುಳಿಯಲ್ಲಿ ಇಪ್ಪತ್ತು ಸಾವಿರ ವೋಲ್ಟಿನಷ್ಟು ಒತ್ತಡವನ್ನು ಎಬ್ಬಿಸುತ್ತದೆ. ಅದು ಪ್ಲಗ್ಗಿನ ತುದಿಯಲ್ಲಿ ಗಾಳಿಯನ್ನು ಸೀಳಿ ಕಿಡಿಯಾಗಿ ಹಾರುತ್ತದೆ. ಹರಿವನ್ನು ಕಡಿಯುವವರು ಯಾರು? ಟಂಗ್‌ಸ್ಟನ್ ಲೋಹದ ಎರಡು ಪುಟ್ಟ ಗುಬಟುಗಳು. ಮೇಸ್ತ್ರಿಗಳ ಮಾತಿನಲ್ಲಿ ಸಿ.ಬಿ. ಪಾಯಿಂಟು. ಮೂಲೆಗಳುಳ್ಳ ಒಂದು ದಂಡ ತಿರುಗುತ್ತ ಅವುಗಳನ್ನು ತೆರೆಯುತ್ತದೆ, ಸ್ಪ್ರಿಂಗು ಮತ್ತೆ ಮುಚ್ಚುತ್ತದೆ. ತೆರೆದಾಗ ಅವುಗಳ ನಡುವಿನ ಅಂತರ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. ತೆರೆಯುವ ಕ್ಷಣದಲ್ಲಿ ಅವುಗಳ ನಡುವೆಯೇ ಕಿಡಿ ಹಾರಿ ಸುಟ್ಟುಹೋಗದಂತೆ ಕಾಯಲು ಪಕ್ಕದಲ್ಲಿ ಒಂದು ಕಂಡೆನ್ಸರು.

ಲೆಕ್ಕ ಹಾಕಿ ನೋಡಿದರೆ ಈ ಗುಬಟುಗಳ ಪಾಡು ತಿಳಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ನಿಮಿಷಕ್ಕೆ 6000 ಕಿಡಿ ಬೇಕು, ಸೆಕೆಂಡಿಗೆ ನೂರು. ಒಂದು ಗಂಟೆಯ ಪ್ರಯಾಣಕ್ಕೆ ಮೂರು ಲಕ್ಷ ಅರವತ್ತು ಸಾವಿರ ಸಲ ತೆರೆದು ಮುಚ್ಚಬೇಕು. ಇದಿಷ್ಟೇ ಅಲ್ಲ. ಪೆಟ್ರೋಲಿನ ಆವಿ ಹೊತ್ತಿ ಹರಡಲು ಒಂದೆರಡು ಮಿಲಿಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಎಂಜಿನ್ನಿನ ದಂಡ ಮೂವತ್ತು ಡಿಗ್ರಿಗೂ ಮಿಕ್ಕಿ ತಿರುಗಿರುತ್ತದೆ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು, ವೇಗ ಹೆಚ್ಚಿದಂತೆ ಇನ್ನಷ್ಟು ಮೊದಲು. ಹಳೆಯ ಕಾಲದಲ್ಲಿ ಸ್ಟೀರಿಂಗಿನ ಬಳಿಯ ಒಂದು ಕಡ್ಡಿಯನ್ನು ಸರಿಸಿ ಚಾಲಕನೇ ಇದನ್ನು ಹೊಂದಿಸುತ್ತಿದ್ದ. ಆಮೇಲೆ ಡೆಲ್ಕೋದೊಳಗಿನ ಸಣ್ಣ ತೂಕಗಳು ಆ ಕೆಲಸವನ್ನು ವಹಿಸಿಕೊಂಡವು. ಗುಬಟು ಸವೆದು ಅಂತರ ಬದಲಾದರೆ ಕಿಡಿಯ ಬಲವೂ ಕೆಡುತ್ತದೆ, ಹೊತ್ತೂ ಕೆಡುತ್ತದೆ. ಗಾಡಿ ‘ಮಿಸ್ಸಿಂಗ್’ ಹೊಡೆಯುತ್ತದೆ, ಪಿಕಪ್ಪು ಬೀಳುತ್ತದೆ, ಪೆಟ್ರೋಲು ಕುಡಿಯುತ್ತದೆ.

ಆಗ ಬೇಕಾಗುತ್ತಿದ್ದವನು ಮೇಸ್ತ್ರಿ. ಉಪ್ಪುಕಾಗದದ ಒಂದು ಚೂರಿನಿಂದ ಗುಬಟನ್ನು ತಿಕ್ಕಿ, ಅಳತೆಯ ತಗಡು ಕೈಗೆ ಸಿಕ್ಕದಿದ್ದರೆ ಬೆಂಕಿಪೊಟ್ಟಣದ ರಟ್ಟನ್ನೋ ಬ್ಲೇಡನ್ನೋ ತೂರಿಸಿ ಅಂತರ ಹಿಡಿದು, ಡೆಲ್ಕೋವನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು ಕೇಳಿ, ‘ಈಗ ಸರಿ’ ಎಂದು ಬಾನೆಟ್ಟು ಮುಚ್ಚುವ ಆ ಗತ್ತು! ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ, ಜೆ.ಸಿ. ರಸ್ತೆಯ ಬಿಡಿಭಾಗಗಳ ಸಾಲಿನಲ್ಲಿ, ದಂಡುಪ್ರದೇಶದ ಮರದಡಿಯ ಗ್ಯಾರೇಜುಗಳಲ್ಲಿ ಈ ವಿದ್ಯೆ ಗುರುಶಿಷ್ಯ ಪರಂಪರೆಯಿಂದ ಹರಿದುಬಂದಿತು. ಸ್ಪಾರ್ಕ್ ಪ್ಲಗ್ಗೂ ಹೊರದೇಶದ್ದಾಗಬೇಕಿರಲಿಲ್ಲ. ಬಾಶ್ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ನಮ್ಮೆಲ್ಲರ ‘ಮೈಕೋ’, ಆಡುಗೋಡಿಯಲ್ಲಿ ನೆಲೆಯೂರಿ ದೇಶಕ್ಕೆಲ್ಲ ಪ್ಲಗ್ಗು ಒದಗಿಸಿತು. 2008ರಲ್ಲಿ ಅದು ಬಾಶ್ ಎಂದೇ ಹೆಸರು ಬದಲಿಸಿಕೊಂಡರೂ ಬೆಂಗಳೂರಿನ ಬಡಾವಣೆಯೊಂದು ಇನ್ನೂ ಮೈಕೋ ಲೇಔಟಾಗಿಯೇ ಉಳಿದಿದೆ.

ರೇಡಿಯೋ ಕೇಳುವವರಿಗೆ ಈ ಕಿಡಿಯ ಪರಿಚಯ ಬೇರೊಂದು ಬಗೆಯಿಂದ ಆಗಿರಬಹುದು. ಸಂಗೀತ ಕೇಳುತ್ತ ಕುಳಿತಾಗ ಹೊರಗೆ ಸ್ಕೂಟರು ಹೋದರೆ ರೇಡಿಯೋ ಚಟಪಟ ಗುಟ್ಟುತ್ತದಷ್ಟೆ? ಹರ್ಟ್ಸ್ ಎಂಬ ವಿಜ್ಞಾನಿ 1880ರ ದಶಕದಲ್ಲಿ ರೇಡಿಯೋ ತರಂಗಗಳನ್ನು ಮೊದಲು ಎಬ್ಬಿಸಿದ್ದು ಇಂಥ ಕಿಡಿಯಿಂದಲೇ. ಹಾಗಾಗಿ ಪ್ರತಿಯೊಂದು ಹಳೆಯ ಕಾರೂ ತಾನರಿಯದ ಒಂದು ಪುಟ್ಟ ಬಾನುಲಿ ನಿಲಯ. ಅದರ ಕಾರ್ಯಕ್ರಮವನ್ನು ಕೇಳುವವರು ಮಾತ್ರ ಇಲ್ಲ.

ಗುಬಟುಗಳ ಸಂಕಟ ಕಾರಿಗೆ ಮಾತ್ರ ಸೀಮಿತವಾಗಿರಲಿಲ್ಲ. ಬಾಣಸವಾಡಿಯಿಂದ ಹಳೆಯ ಮದರಾಸು ರಸ್ತೆ ಹಿಡಿದು ಕೃಷ್ಣರಾಜಪುರದ ಕಡೆಗೆ ಹೋದರೆ ದೂರವಾಣಿನಗರ ಸಿಗುತ್ತದೆ. 1948ರಲ್ಲಿ ಸ್ಥಾಪಿತವಾದ ಭಾರತೀಯ ದೂರವಾಣಿ ಕಾರ್ಖಾನೆ, ಐ.ಟಿ.ಐ., ಅಲ್ಲಿ ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜುಗಳನ್ನು ತಯಾರಿಸುತ್ತಿತ್ತು. ಆ ಯಂತ್ರಗಳಲ್ಲಿಯೂ ಸಾವಿರಾರು ಲೋಹದ ಮೊನೆಗಳು ಕೂಡುತ್ತ ಬಿಡುತ್ತ ಕಿಡಿ ಕಾರುತ್ತಿದ್ದವು. ಅವುಗಳನ್ನು ಕಾಯಲು ಅಲ್ಲಿಯೂ ಕಂಡೆನ್ಸರು, ತಿಕ್ಕಿ ತೊಳೆಯಲು ಅಲ್ಲಿಯೂ ಕುಶಲರು. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ–ಡಾಟ್ ಸಂಸ್ಥೆಯ ಪುಟ್ಟ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಕೆಲಸಕ್ಕೆ ತೊಡಗಿದಾಗ ದೂರವಾಣಿಯ ಮೊನೆಗಳ ಕಾಲ ಮುಗಿಯಲಾರಂಭಿಸಿತು. ಮುಟ್ಟಿ ಬಿಡುವ ಲೋಹದ ಬದಲು ಮುಟ್ಟದೆ ಬಿಡುವ ಟ್ರಾನ್ಸಿಸ್ಟರು: ಕಾರಿನಲ್ಲಿ ನಡೆದದ್ದೂ ಇದೇ.

ಟ್ರಾನ್ಸಿಸ್ಟರು ಹುಟ್ಟಿದ್ದು 1947ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. 1960ರ ದಶಕದ ಆರಂಭದಲ್ಲಿ ಜಾಲಹಳ್ಳಿಯ ಬಿ.ಇ.ಎಲ್. ಕೂಡ ಅದನ್ನು ತಯಾರಿಸತೊಡಗಿತು. ಕಾರಿನಲ್ಲಿ ಮೊದಲು ಅದು ಗುಬಟುಗಳಿಗೆ ಊರೆಗೋಲಾಗಿ ಬಂದಿತು. ಭಾರವಾದ ಹರಿವನ್ನು ಟ್ರಾನ್ಸಿಸ್ಟರು ಹೊತ್ತುಕೊಂಡು, ಗುಬಟುಗಳಿಗೆ ಸನ್ನೆ ಮಾಡುವ ಹಗುರ ಕೆಲಸವನ್ನಷ್ಟೇ ಬಿಟ್ಟಿತು. ಆಮೇಲೆ ಗುಬಟುಗಳೇ ಬೇಡವಾದವು. ತಿರುಗುವ ದಂಡಕ್ಕೆ ಒಂದು ಹಲ್ಲಿನ ಚಕ್ರವನ್ನೋ ಅಯಸ್ಕಾಂತದ ಉಂಗುರವನ್ನೋ ತೊಡಿಸಿ, ಅದು ಹಾದುಹೋಗುವುದನ್ನು ಪಕ್ಕದ ಒಂದು ಗ್ರಾಹಕ ಅರಿತುಕೊಳ್ಳುವಂತೆ ಮಾಡಿದರು. ಹೀಗೆ ಅರಿಯುವ ಬಗೆಗಳಲ್ಲೊಂದು 1879ರಲ್ಲಿ ಎಡ್ವಿನ್ ಹಾಲ್ ಎಂಬ ತರುಣ ಸಂಶೋಧಕ ಕಂಡುಹಿಡಿದ ಪರಿಣಾಮ. ನೂರು ವರ್ಷ ಪುಸ್ತಕದ ವಿಷಯವಾಗಿದ್ದದ್ದು ಡೆಲ್ಕೋದ ಮುಚ್ಚಳದೊಳಗೆ ಸೇರಿಕೊಂಡಿತು. ಅಮೆರಿಕದ ಕ್ರೈಸ್ಲರ್ ಕಂಪೆನಿ 1973ರ ಹೊತ್ತಿಗೆ ಅಲ್ಲಿ ತಯಾರಿಸುವ ತನ್ನೆಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಕಿಡಿಯನ್ನು ಅಳವಡಿಸಿತು. ಇಲ್ಲಿ ನಾವು ಅದನ್ನು ಮೊದಲು ಕಂಡದ್ದು ಹೆಚ್ಚಾಗಿ ಸ್ಕೂಟರುಗಳ ಮೈಮೇಲೆ, ‘ಎಲೆಕ್ಟ್ರಾನಿಕ್’ ಎಂಬ ಬಿರುದಾಗಿ. ಬೆಂಗಳೂರಿನಲ್ಲಿಯೇ ತಯಾರಾದ, 1982ರಲ್ಲಿ ಬಂದ ನಾರಿನ ಮೈಯ ಸಿಪಾನಿ ಡಾಲ್ಫಿನ್ ಕಾರನ್ನು ನೆನೆಯುವವರು ಇಂದು ಎಷ್ಟು ಮಂದಿಯೋ!

ಈಗ ಬಾಣಸವಾಡಿಯ ಜಿಜ್ಞಾಸೆಗೆ ಮರಳೋಣ. ಹಳೆಯ ಕಾರಿನ ಡೆಲ್ಕೋದೊಳಗಿನ ಪಾಯಿಂಟು, ಕಂಡೆನ್ಸರುಗಳನ್ನು ತೆಗೆದು, ಬೆಂಕಿಪೊಟ್ಟಣದಷ್ಟಗಲದ ಒಂದು ಎಲೆಕ್ಟ್ರಾನಿಕ್ ಘಟಕವನ್ನೂ ಒಂದು ಅಯಸ್ಕಾಂತದ ಉಂಗುರವನ್ನೂ ಕೂಡಿಸಿದರೆ ಕೆಲಸ ಮುಗಿಯಿತು. ಮುಚ್ಚಳ ಹಾಕಿದ ಮೇಲೆ ಹೊರಗಿನಿಂದ ಏನೂ ಕಾಣದು. ಚಳಿಯ ಬೆಳಗಿನಲ್ಲಿ ಎಂಜಿನ್ನು ಬೇಗ ಏಳುತ್ತದೆ. ಸವೆದ ಡೆಲ್ಕೋದ ದಂಡ ಓಲಾಡಿದರೂ ಕಿಡಿಯ ಹೊತ್ತು ಅಷ್ಟಾಗಿ ತಪ್ಪುವುದಿಲ್ಲ. ಕೃಷ್ಣರಾಜಪುರದ ತೂಗುಸೇತುವೆಯ ಬಳಿ ಅರ್ಧಗಂಟೆ ತೆವಳುವ ಕಾರಿಗೆ ಇದು ಸಣ್ಣ ಉಪಕಾರವಲ್ಲ. ಇನ್ನೊಂದು ಕಾರಣವನ್ನೂ ಹೇಳಬೇಕು: ಇಂದು ಮಾರುಕಟ್ಟೆಯಲ್ಲಿ ದೊರೆಯುವ ಹೊಸ ಕಂಡೆನ್ಸರುಗಳಲ್ಲಿ ಹಲವು ಹಳೆಯವುಗಳ ಗುಣಕ್ಕೆ ಬಾರವು. ಶುದ್ಧ ಸಂಪ್ರದಾಯವಾದಿಯನ್ನೂ ಎಲೆಕ್ಟ್ರಾನಿಕ್ ಕಡೆಗೆ ನೂಕುತ್ತಿರುವುದು ಪ್ರಗತಿಯ ಮೋಹಕ್ಕಿಂತ ಹೆಚ್ಚಾಗಿ ಈ ಕಳಪೆ ಸಾಮಾನು.

ಬಾಣಸವಾಡಿಯ ಒಂದು ಗ್ಯಾರೇಜಿನಲ್ಲಿ ಹಿರಿಯ ಮೇಸ್ತ್ರಿಯೊಬ್ಬರನ್ನು ನಾನು ಈ ವಿಷಯ ಕೇಳಿದೆ. ಪದ್ಮಿನಿಯೊಂದಕ್ಕೆ ಅಂಥ ಘಟಕವನ್ನು ಕೂಡಿಸುತ್ತಿದ್ದವರು ಕೈ ಒರೆಸಿಕೊಳ್ಳುತ್ತ ಹೇಳಿದರು: “ಒಳ್ಳೇದೇ ಸಾರ್, ಇಲ್ಲ ಅನ್ನಲ್ಲ. ಆದ್ರೆ ಪಾಯಿಂಟು ಹೋಗೋಕೆ ಮುಂಚೆ ಹೇಳುತ್ತೆ. ಹದಿನೈದು ದಿನ ಕೆಮ್ಮುತ್ತೆ, ನರಳುತ್ತೆ. ಇದು ಹೇಳಲ್ಲ; ನಿಂತ್ರೆ ನಿಂತೇ ಹೋಯ್ತು.” ಇದಕ್ಕಿಂತ ಸಮರ್ಪಕವಾದ ವಿಮರ್ಶೆಯನ್ನು ನಾನು ಯಾವ ತಾಂತ್ರಿಕ ಪುಸ್ತಕದಲ್ಲಿಯೂ ಕಂಡಿಲ್ಲ. ಕೆಟ್ಟ ಪಾಯಿಂಟನ್ನು ದಾರಿಬದಿಯಲ್ಲಿ ತಿಕ್ಕಿ ಮನೆ ಸೇರಬಹುದು. ಕೆಟ್ಟ ಘಟಕವನ್ನು ತಿಕ್ಕಲು ಬಾರದು, ಬಿಚ್ಚಲು ಬಾರದು; ಬಿಸಾಡಬೇಕು.

ಇದರ ಜೊತೆಗೆ ಕಾನೂನಿನ ಮಾತೂ ಸೇರಿಕೊಂಡಿದೆ. ಐವತ್ತು ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿತು. ವಾಹನ ಮೂಲ ರೂಪದಲ್ಲಿರಬೇಕು. ಅದರ ಚಾಸಿ, ಮೈಗೂಡು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಕೂಡದು ಎಂಬುದು ಅದರ ಷರತ್ತು. ಮುಚ್ಚಳದೊಳಗಿನ ಒಂದು ಪುಟ್ಟ ಘಟಕ ಗಣನೀಯ ಮಾರ್ಪಾಟೇ? ನನ್ನ ಮಟ್ಟಿಗೆ, ಅರ್ಧ ಗಂಟೆಯಲ್ಲಿ ತೆಗೆದು ಹಳೆಯದನ್ನು ಮರಳಿ ಕೂಡಿಸಬಹುದಾದದ್ದು ಮಾರ್ಪಾಟಲ್ಲ. ಡೆಲ್ಕೋವನ್ನೇ ಕೊರೆದು, ಹೊಸ ತೂತು ಮಾಡಿ, ತಂತಿಗಳನ್ನು ಕತ್ತರಿಸಿ ಮಾಡುವುದು ಮಾರ್ಪಾಟು. ಹಳೆಯ ದೇವಸ್ಥಾನಕ್ಕೆ ವಿದ್ಯುದ್ದೀಪ ಕಟ್ಟುವುದಕ್ಕೂ ಕಂಬವನ್ನೇ ಕೊರೆದು ದೀಪ ಹೂಳುವುದಕ್ಕೂ ಇರುವಷ್ಟೇ ವ್ಯತ್ಯಾಸ. ಪ್ರದರ್ಶನಕ್ಕೆಂದೇ ಇಟ್ಟ, ವರ್ಷಕ್ಕೆ ನಾಲ್ಕು ಸಲ ಹೊರಡುವ ಕಾರಿಗೆ ಈ ಹೊಸತು ಬೇಕಿಲ್ಲ. ಅದರಲ್ಲಿ ಪಾಯಿಂಟು ಉಳಿಯಲಿ. ಅದನ್ನು ಹೊಂದಿಸಬಲ್ಲ ಕೈಯೂ ಅದರ ನೆವದಿಂದ ಉಳಿದೀತು. ಆ ಕೈಗಳಿಗೆ ಹೊಸ ಶಿಷ್ಯರು ಸಿಗುತ್ತಿಲ್ಲವೆಂಬುದೇ ನನಗೆ ಹೆಚ್ಚು ಚಿಂತೆಯ ಸಂಗತಿ. ದಿನವೂ ಮಕ್ಕಳನ್ನು ಶಾಲೆಗೆ ಬಿಡುವ, ಪೇಟೆಗೆ ಹೋಗಿಬರುವ ಕಾರಾದರೆ ಎಲೆಕ್ಟ್ರಾನಿಕ್ ಕಿಡಿಗೆ ನಾನು ವಿರೋಧಿಯಲ್ಲ. ಅಂಥ ಕಾರು ಮನೆಯಲ್ಲಿ ಉಳಿಯಬೇಕಾದರೆ ಅದು ಮೊದಲು ಓಡಬೇಕು.

ಕೂಡಿಸುವವರು ಎರಡು ಸಂಗತಿಗಳನ್ನು ಮರೆಯಬಾರದು. ಹಳೆಯ ಮೋರಿಸ್, ಆಸ್ಟಿನ್ ಮುಂತಾದ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನೇ ಗಾಡಿಯ ಮೈಗೆ ಬಿಗಿದಿರುತ್ತಾರೆ. ಈಗಿನ ರೂಢಿ ಇದಕ್ಕೆ ತಿರುಗುಮುರುಗು. ಅದನ್ನು ನೋಡದೆ ಸಾಮಾನ್ಯ ಘಟಕವನ್ನು ಕೂಡಿಸಿದರೆ ಸ್ವಿಚ್ಚು ಹಾಕಿದ ಗಳಿಗೆಯಲ್ಲಿಯೇ ಅದು ಸುಟ್ಟುಹೋಗುತ್ತದೆ. ಎರಡನೆಯದು, ಎಂಜಿನ್ನು ನಿಂತಿರುವಾಗ ಕೀಲಿಯನ್ನು ತಿರುಗಿಸಿ ಹಾಗೆಯೇ ಬಿಟ್ಟು ಮಾತಿಗೆ ನಿಲ್ಲುವ ಅಭ್ಯಾಸ. ಹಲವು ಘಟಕಗಳೂ ಅವುಗಳ ಕಾಯಿಲುಗಳೂ ಕಾದು ಸಾಯುವುದು ಹೀಗೆ. ತೆಗೆದ ಪಾಯಿಂಟನ್ನೂ ಕಂಡೆನ್ಸರನ್ನೂ ಎಸೆಯದೆ, ಕಾಗದದಲ್ಲಿ ಸುತ್ತಿ, ಒಂದು ಸಣ್ಣ ಸ್ಕ್ರೂಡ್ರೈವರಿನೊಂದಿಗೆ ತಗಡಿನ ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಟ್ಟುಕೊಳ್ಳಿ. ಹೊಸಕೋಟೆಯ ಆಚೆ ರಾತ್ರಿ ಕಾರು ನಿಂತರೆ ಬೇಕಾಗುವುದು ಅದೇ ಡಬ್ಬಿ. ಪಕ್ಕದಲ್ಲಿ ಒಂದು ಟಾರ್ಚೂ ಇರಲಿ.